ಮೊದಲ ಉಸಿರಿಗೆ ಮುನ್ನ

2024ನೆಯ ಇಸವಿಯ ಮಾರ್ಚ್ ತಿಂಗಳ ಒಂದು ಸಾಯಂಕಾಲ, ಬೆಳಗಾವಿಯ ಆಟೋ ನಗರದಲ್ಲಿ ಎಂಜಿನ್ ದುರಸ್ತಿಯ ಅಂಗಡಿಯನ್ನಿಟ್ಟುಕೊಂಡಿರುವ ನಮ್ಮ ನೆರೆಮನೆಯ ತರುಣನು, ಕೈಗಂಟಿದ ಎಣ್ಣೆಯನ್ನು ಒರಸಿಕೊಳ್ಳುವಷ್ಟು ವ್ಯವಧಾನವೂ ಇಲ್ಲದೆ, ನಮ್ಮ ಮನೆಗೆ ಬಂದನು. ಆತನು ನನ್ನ ಹಳೆಯ ವಿದ್ಯಾರ್ಥಿ. ರಾಮಶಬ್ದವನ್ನು ಬಾಯಿಪಾಠ ಒಪ್ಪಿಸಲಾರದೆ ನನ್ನಿಂದ ಬಹಳ ಬೈಸಿಕೊಂಡವನು. ಕೈಯಲ್ಲಿ ಒಂದು ಕಾಗದವಿದ್ದಿತು.

“ಸರ, ಇದರಾಗ ಏನ್ ಬರದಾರ ನೋಡ್ರಿ. ಕೂಸಿನ ಎದ್ಯಾಗ ನೀರಿನ ಗುಳ್ಳಿ ಅದಾವಂತ. ಡಾಕ್ಟರು ಹೇಳಿದ್ದು ಅರ್ಧಾ ತಿಳೀತು, ಅರ್ಧಾ ತಿಳೀಲಿಲ್ಲ” ಎಂದನು.

ಅವನ ಹೆಂಡತಿಗೆ ಅದು ಚೊಚ್ಚಲು ಬಸಿರು; ಇಪ್ಪತ್ತು ವಾರ ತುಂಬಿದ್ದುವು. ಸೋನೋಗ್ರಫಿಯ ವರದಿಯಲ್ಲಿ, ಗರ್ಭಸ್ಥ ಶಿಶುವಿನ ಎಡ ಶ್ವಾಸಕೋಶದ ಕೆಳಭಾಗದಲ್ಲಿ ದ್ರವ ತುಂಬಿದ ಕೆಲವು ಗುಳ್ಳೆಗಳಿರುವುವೆಂದೂ, ಹೃದಯವು ಸ್ವಲ್ಪ ಬಲಕ್ಕೆ ಸರಿದಿರುವುದೆಂದೂ, ಎರಡು ವಾರಗಳ ತರುವಾಯ ಮತ್ತೆ ಬರತಕ್ಕದ್ದೆಂದೂ ಇಂಗ್ಲಿಷಿನಲ್ಲಿ ಬರೆದಿದ್ದಿತು. ನಾನು ವೈದ್ಯನಲ್ಲ, ಆಯುಷ್ಯದ ಬಹುಭಾಗವನ್ನು ಸಂಸ್ಕೃತವನ್ನು ಕಲಿಸುವುದರಲ್ಲಿ ಕಳೆದವನು. ಆದರೂ ಮುಂದಿನ ಒಂದು ವರುಷ ಆ ದಂಪತಿಗಳ ಸಂಗಡ ವೈದ್ಯರ ಬಳಿಗೆ ಹೋಗಿಬಂದು, ಕೇಳಿ, ಓದಿ ತಿಳಿದುಕೊಂಡುದನ್ನು ವಾಚಕ ಸಹೋದರ ಸಹೋದರಿಯರ ಮುಂದಿಡಲು ಮನಸ್ಸಾಗಿದೆ. ಈ ದೋಷವು ವಿರಳವಾದುದು. ಕೆಲವು ಸಾವಿರ ಜನನಗಳಲ್ಲಿ ಒಂದು. ಆದರೆ ಅದು ಯಾರ ಮನೆಗೆ ಬರುವುದೋ ಆ ಮನೆಯವರಿಗೆ ವಿರಳವೆಂಬ ಮಾತಿನಿಂದ ಏನು ಸಮಾಧಾನ?

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಗರ್ಭದೊಳಗಿನ ಕೂಸು ಗಾಳಿಯನ್ನು ಸೇವಿಸುವುದಿಲ್ಲ. ತಾಯಿಯ ರಕ್ತದಲ್ಲಿರುವ ಪ್ರಾಣವಾಯುವೇ ಮಾಸಿನ ಮೂಲಕ, ಹೊಕ್ಕುಳಬಳ್ಳಿಯ ದಾರಿಯಾಗಿ ಅದಕ್ಕೆ ಮುಟ್ಟುವುದು. ಸುಶ್ರುತನ ಶಾರೀರಸ್ಥಾನದಲ್ಲಿ, ಗರ್ಭಸ್ಥ ಶಿಶುವು ಉಸಿರಾಟ, ಚಲನೆ, ನಿದ್ರೆಗಳನ್ನು ತಾಯಿಯಿಂದಲೇ ಪಡೆಯುವುದೆಂದು ಹೇಳಿದೆ. ಅದೇ ಗ್ರಂಥದಲ್ಲಿ ಪುಪ್ಫುಸವು ರಕ್ತದ ನೊರೆಯಿಂದ ಹುಟ್ಟಿದ್ದೆಂಬ ಮಾತೂ ಉಂಟು. ವಿದ್ಯಾರ್ಥಿದೆಸೆಯಲ್ಲಿ ಇದನ್ನು ಓದಿ ನಾವು ನಕ್ಕಿದ್ದೆವು. ರಕ್ತದ ನೊರೆಯೆಂಬುದು ನಿಜವಲ್ಲ. ಆದರೆ ಶ್ವಾಸಕೋಶವೆಂದರೆ ಸೂಕ್ಷ್ಮವಾದ ಗಾಳಿಗೂಡುಗಳ ರಾಶಿಯೆಂದು ವೈದ್ಯರು ಚಿತ್ರ ಬರೆದು ತೋರಿಸಿದಾಗ, ನೊರೆಯೆಂದ ಆ ಪ್ರಾಚೀನನ ಕಣ್ಣನ್ನು ಮೆಚ್ಚದಿರಲಾಗಲಿಲ್ಲ.

ನಿಜವಾಗಿ ನಡೆಯುವುದು ಹೀಗೆ. ಗರ್ಭದ ನಾಲ್ಕನೆಯ ವಾರದಲ್ಲಿ, ಮುಂದೆ ಅನ್ನನಾಳವಾಗತಕ್ಕ ಕೊಳವೆಯ ಮಗ್ಗುಲಲ್ಲಿ ಒಂದು ಚಿಗುರು ಮೂಡುವುದು. ಅದು ಎರಡಾಗಿ, ನಾಲ್ಕಾಗಿ, ತಲೆಕೆಳಗಾದ ವೃಕ್ಷದಂತೆ ಕವಲೊಡೆಯುತ್ತ ಹೋಗುವುದು. ಹುಟ್ಟುವ ಹೊತ್ತಿಗೆ ಕೂಸಿನಲ್ಲಿ ಗಾಳಿಗೂಡುಗಳು ಹೆಚ್ಚೆಂದರೆ ಸುಮಾರು 5 ಕೋಟಿ. ಬೆಳೆದವನಲ್ಲಿ ಸುಮಾರು 30 ಕೋಟಿ. ಉಳಿದವು ಹುಟ್ಟಿದ ಮೇಲೆ, ಎಳೆಯ ವಯಸ್ಸಿನಲ್ಲಿ ಮೂಡತಕ್ಕವು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಈ ಕವಲೊಡೆಯುವಿಕೆಯಲ್ಲಿ ಯಾವುದೋ ಒಂದು ಕೊಂಬೆ ದಾರಿ ತಪ್ಪಿದರೆ, ಅಲ್ಲಿ ಗಾಳಿಗೂಡಿನ ಬದಲು ಗುಳ್ಳೆಗಳ ಗೊಂಚಲು ಬೆಳೆಯುವುದು. 1949ರಲ್ಲಿ ಚಿನ್ ಮತ್ತು ಟ್ಯಾಂಗ್ ಎಂಬೀರ್ವರು ಈ ವಿಕೃತಿಯನ್ನು ಪ್ರತ್ಯೇಕವಾಗಿ ವರ್ಣಿಸಿದರು. ಇಂದಿನ ವೈದ್ಯರು ಅದನ್ನು ಸಿ.ಪಿ.ಎ.ಎಂ. ಎಂದು ಕರೆಯುವರು. ಇದಕ್ಕೆ ನೆಂಟರೂ ಉಂಟು. ಶ್ವಾಸಕೋಶದ ಒಂದು ತುಂಡು ಶ್ವಾಸನಾಳದ ಸಂಬಂಧವನ್ನೇ ಕಡಿದುಕೊಂಡು, ಮಹಾಧಮನಿಯಿಂದ ನೇರವಾಗಿ ರಕ್ತವನ್ನು ಎಳೆದುಕೊಳ್ಳುತ್ತ ಬೇರೆಯಾಗಿ ಕುಳಿತಿರುವುದುಂಟು. ಒಂದು ಖಂಡದೊಳಗೆ ಹೊಕ್ಕ ಗಾಳಿ ಹೊರಬರಲಾರದೆ ಅದು ಉಬ್ಬಿ, ನೆರೆಯ ಖಂಡಗಳನ್ನು ಒತ್ತುವುದುಂಟು. ಎಲ್ಲಕ್ಕೂ ಭಯಂಕರವಾದುದು ಶ್ವಾಸಕೋಶದ ಸ್ವಂತ ದೋಷವಲ್ಲ, ಎದೆಗೂ ಹೊಟ್ಟೆಗೂ ನಡುವಣ ತೆರೆಯಾದ ವಪೆಯಲ್ಲಿರುವ ರಂಧ್ರ. ಅದರ ಮೂಲಕ ಕರುಳುಗಳು ಮೇಲಕ್ಕೇರಿ ಎದೆಯಲ್ಲಿ ಕುಳಿತು, ಶ್ವಾಸಕೋಶಕ್ಕೆ ಬೆಳೆಯುವ ಸ್ಥಳವನ್ನೇ ಕೊಡುವುದಿಲ್ಲ.

ತಾಯಿಯ ಆಶ್ರಯವಿರುವವರೆಗೆ ಇವುಗಳಲ್ಲಿ ಬಹುತೇಕ ದೋಷಗಳು ಮೌನವಾಗಿರುವುವು. ಹೊಟ್ಟೆ ಬೆಳೆಯುವುದು, ಕೂಸು ಒದೆಯುವುದು, ಹೃದಯ ಬಡಿಯುವುದು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಕ್ಷಣದಲ್ಲಿಯೇ ಪರೀಕ್ಷೆ. ಸೀಳುತುಟಿ, ಸೊಟ್ಟಪಾದ ಮೊದಲಾದುವನ್ನು ಸೂಲಗಿತ್ತಿಯೂ ಕಂಡು ಹೇಳಬಲ್ಲಳು. ಎದೆಯೊಳಗಿನ ಗುಳ್ಳೆಯನ್ನು ಬರಿಗಣ್ಣಿನಿಂದ ಕಂಡವರಿಲ್ಲ. ಸೋನೋಗ್ರಫಿಯು ಅದನ್ನು ಕಾಣುವುದು. ಅದೂ ಹದಿನೆಂಟರಿಂದ ಇಪ್ಪತ್ತನೆಯ ವಾರದೊಳಗೆ, ಅಂಗಾಂಗಗಳನ್ನು ಒಂದೊಂದಾಗಿ ನೋಡುವ ಪರೀಕ್ಷೆಯಲ್ಲಿ.

ಈ ಯಂತ್ರದ ಪೂರ್ವಕಥೆಯನ್ನು ಹೇಳಿದಾಗ ನಮ್ಮ ತರುಣನ ಮುಖದಲ್ಲಿ ಮೊದಲ ಬಾರಿಗೆ ಗೆಲವು ಕಂಡಿತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿವೈದ್ಯನಿದ್ದನು. ಕಾರಖಾನೆಗಳಲ್ಲಿ ಲೋಹದೊಳಗಿನ ಬಿರುಕು ಬೊಕ್ಕೆಗಳನ್ನು ಶಬ್ದತರಂಗಗಳಿಂದ ಪತ್ತೆಹಚ್ಚುತ್ತಿದ್ದುದನ್ನು ಕೇಳಿ, 1955ರಲ್ಲಿ ಆತನು ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ಹೇರಿಕೊಂಡು ಒಂದು ಬಾಯ್ಲರ್ ಕಾರಖಾನೆಗೆ ಹೋಗಿ ಪರೀಕ್ಷಿಸಿ ನೋಡಿದನು. ಟಾಮ್ ಬ್ರೌನ್ ಎಂಬ ಎಂಜಿನಿಯರನ ನೆರವಿನಿಂದ ಯಂತ್ರವು ಸುಧಾರಿಸಿ, 1958ರಲ್ಲಿ ಅವರ ಲೇಖನವು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. “ಹಂಗಾರ ಎರಕದಾಗ ಗುಳ್ಳಿ ಐತೇನಂತ ನೋಡಿದಂಗ ಆತಲ್ರಿ ಸರ” ಎಂದನು. ಲಾರಿಗೆ ಬಾಡಿ ಕಟ್ಟುವ, ಎಂಜಿನ್ನು ಬಿಚ್ಚುವ ಆ ಬೀದಿಯಲ್ಲಿ ಬೆಳೆದವನಿಗೆ, ಒಳಗಿನ ಗುಳ್ಳೆಯನ್ನು ಮೊದಲೇ ಅರಿಯುವುದರ ಬೆಲೆಯನ್ನು ನಾನು ವಿವರಿಸಬೇಕಾಗಲಿಲ್ಲ.

ಆದರೆ ಅವನ ಮನೆಯಲ್ಲಿ ಹಿರಿಯರ ಪ್ರಶ್ನೆಗಳು ಬೇರೆಯಾಗಿದ್ದುವು. ಒಬ್ಬರು, “ಗಂಡೋ ಹೆಣ್ಣೋ ಕೇಳಿದ್ರೇನು?” ಎಂದರು. ಅದನ್ನು ಕೇಳುವುದೂ ಹೇಳುವುದೂ 1994ರ ಕಾಯಿದೆಯ ಮೇರೆಗೆ ಅಪರಾಧ. ಹಾಗೆಂದು ಪರೀಕ್ಷಾಗೃಹದ ಗೋಡೆಯ ಮೇಲೆ ಬರೆದಿರುವುದು. ಪುಂಸವನವೆಂಬ ನಮ್ಮ ಸಂಸ್ಕಾರದ ಹೆಸರೇ ಗಂಡುಸಂತಾನದ ಹಂಬಲವನ್ನು ಸಾರುತ್ತಿರುವಾಗ ಈ ಕಾಯಿದೆ ಬೇಕಾದುದರಲ್ಲಿ ಆಶ್ಚರ್ಯವಿಲ್ಲ. ಇನ್ನೊಬ್ಬರು, “ದೋಷದ ಕೂಸು ಯಾಕ, ತೆಗಿಸಿಬಿಡ್ರಿ” ಎಂದರು. ವೈದ್ಯರು ಇದಕ್ಕೆ ಶಾಂತವಾಗಿ ಉತ್ತರ ಕೊಟ್ಟರು: ಗುಳ್ಳೆ ಸಣ್ಣದಾಗಿದ್ದು, ಕೂಸಿನ ಮೈಯಲ್ಲಿ ನೀರು ತುಂಬದೆ ಇದ್ದರೆ, ಇಂಥ ಮಕ್ಕಳಲ್ಲಿ ಬಹುಪಾಲು ಬದುಕಿ ಬಾಳುವುವು, ಹುಟ್ಟುವಾಗ ಹೆಚ್ಚಿನವುಗಳಿಗೆ ಯಾವ ತೊಂದರೆಯೂ ಕಾಣುವುದಿಲ್ಲ.

ಮೂರನೆಯ ಮಾತು ಸೊಸೆಯ ಮೇಲೆ ಬಂದಿತು. “ಅಮಾಸಿ ದಿನ ಹಳ್ಳ ದಾಟಬ್ಯಾಡಂದ್ರೂ ಕೇಳಲಿಲ್ಲ” ಎಂದು ಅತ್ತೆ ಅಂದರು. ಆ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಆಗ ನನ್ನ ಹೆಂಡತಿ ಹೇಳಿದ ಮಾತನ್ನು ನಾನು ಬರೆಯಲೇಬೇಕು: “ಹಂಗ ಅನಬ್ಯಾಡ್ರಿ, ಅಕ್ಕಾರ. ನನಗೂ ಹಂಗ ಅಂದಿದ್ರು. ಮೂವತ್ತು ವರ್ಷ ಆಗಾಕ ಬಂತು, ಇನ್ನೂ ಕಿವ್ಯಾಗ ಅದ.”

1996ರಲ್ಲಿ ನಮ್ಮ ಚೊಚ್ಚಲು ಮಗು ಆಕೆಯ ತವರಿನಲ್ಲಿ ಹುಟ್ಟಿತು. ಒಮ್ಮೆ ಅತ್ತಿತು, ತರುವಾಯ ಪಕ್ಕೆಗಳನ್ನು ಒಳಕ್ಕೆ ಸೆಳೆದುಕೊಳ್ಳುತ್ತ, ನರಳುತ್ತ, ಬೆಳಗಾಗುವ ಮುನ್ನ ನೀಲಿಗಟ್ಟಿ ತೀರಿಕೊಂಡಿತು. ಕಾರಣವನ್ನು ಯಾರೂ ಹೇಳಲಿಲ್ಲ. ಈ ದೋಷವೇ ಇದ್ದಿತೆಂದು ಇಂದು ನಾನೂ ಹೇಳಲಾರೆ. ಆದರೆ ಮನೆಯ ಹಿರಿಯರಿಗೆ ಕಾರಣವು ಕೂಡಲೇ ಸಿಕ್ಕಿತು: 1995ರ ದೀಪಾವಳಿಯ ಸೂರ್ಯಗ್ರಹಣದ ಹೊತ್ತಿನಲ್ಲಿ ಆಕೆ ಈಳಿಗೆಯನ್ನು ಹಿಡಿದಿದ್ದಳಂತೆ. ಚಂದ್ರನು ಸೂರ್ಯನನ್ನು ಮರೆಮಾಡುವುದೇ ಗ್ರಹಣವೆಂದು ಆರ್ಯಭಟನು ಬರೆದುದನ್ನು ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತಿದ್ದ ನಾನು, ಮನೆಯಲ್ಲಿ ಸುಮ್ಮನೆ ಕುಳಿತಿದ್ದೆನು. ತಾಯಿ ತಿಂದುದರಿಂದಾಗಲಿ, ದಾಟಿದುದರಿಂದಾಗಲಿ ಈ ಗುಳ್ಳೆಗಳು ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮುಂದಿನ ಬಸಿರಿಗೂ ಬರುವುದಿಲ್ಲ. ಇದನ್ನು ಆ ದಿನ ನಾನೇ ಆ ಅತ್ತೆಗೆ ಎರಡೆರಡು ಸಾರಿ ಹೇಳಿದೆನು. ತಡವಾಗಿ ಹೇಳಿದೆನೆಂಬುದು ನನ್ನ ಹೆಂಡತಿಗೆ ಗೊತ್ತು.

ಮುಂದೆ ನಡೆದುದು ಕಾಯುವ ಕೆಲಸ. ಗುಳ್ಳೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ಅದನ್ನು 0.52ರಿಂದ ಗುಣಿಸಿ, ಬಂದುದನ್ನು ಕೂಸಿನ ತಲೆಯ ಸುತ್ತಳತೆಯಿಂದ ಭಾಗಿಸುವರು. ಉತ್ತರವು 1.6ಕ್ಕಿಂತ ಹೆಚ್ಚಾದರೆ ಅಪಾಯದ ಸೂಚನೆ. ಗುಳ್ಳೆಯ ಒತ್ತಡದಿಂದ ಹೃದಯಕ್ಕೆ ರಕ್ತ ಮರಳುವುದು ತಡೆದು, ಕೂಸಿನ ಚರ್ಮದಲ್ಲಿಯೂ ಹೊಟ್ಟೆಯಲ್ಲಿಯೂ ನೀರು ತುಂಬಬಹುದು. ವೈದ್ಯರು ಇದನ್ನು ಹೈಡ್ರಾಪ್ಸ್ ಎನ್ನುವರು, ಸರ್ವಾಂಗಶೋಫವೆಂದರೆ ಸರಿಯಾದೀತು. ನಮ್ಮ ಕೂಸಿನ ಲೆಕ್ಕವು ಒಂದರ ಒಳಗೇ ಇದ್ದಿತು. ಇಪ್ಪತ್ತಾರು ಇಪ್ಪತ್ತೆಂಟು ವಾರದವರೆಗೆ ಗುಳ್ಳೆ ಬೆಳೆಯುವುದು ಸಹಜ. ಆಮೇಲೆ ಬೆಳವಣಿಗೆ ನಿಲ್ಲುವುದು. ಅದು ಸಣ್ಣಗುಳ್ಳೆಗಳ ಜಾತಿಯದಾಗಿದ್ದು ಮಿತಿಮೀರಿ ಬೆಳೆದರೆ, ತಾಯಿಗೆ ಬೀಟಾಮೆಥಸೋನ್ ಎಂಬ ಸ್ಟಿರಾಯ್ಡ್ ಚುಚ್ಚುಮದ್ದನ್ನು ಕೊಡುವುದುಂಟು. ದೊಡ್ಡದೊಂದೇ ಗುಳ್ಳೆಯಾಗಿದ್ದರೆ ಸೂಜಿಯಿಂದ ದ್ರವವನ್ನು ತೆಗೆಯುವುದೂ ಉಂಟು.

ಈ ಜಾತಿಯ ಮದ್ದಿನ ಕಥೆಯಲ್ಲಿ ನಮ್ಮ ಬೆಳಗಾವಿಗೂ ಪಾಲಿದೆ. ಊರಿನವರಿಗೇ ಅದು ತಿಳಿಯದು. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬುವರು, ದಿನ ತುಂಬುವ ಮುಂಚೆ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಈ ಮದ್ದನ್ನು ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಪಕ್ವವಾಗುವುದೆಂದು 1972ರಲ್ಲಿ ತೋರಿಸಿದರು. ಹಾಗಾದರೆ ಹಳ್ಳಿಹಳ್ಳಿಯಲ್ಲಿಯೂ ಕೊಡಬಾರದೇಕೆ? ಆರು ದೇಶಗಳಲ್ಲಿ, ಸುಮಾರು ಒಂದು ಲಕ್ಷ ಜನನಗಳನ್ನು ಒಳಗೊಂಡು ಇದರ ಪರೀಕ್ಷೆ ನಡೆಯಿತು. ನಮ್ಮ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ಅದರಲ್ಲಿ ಭಾಗಿಯಾಗಿದ್ದಿತು. 2015ರಲ್ಲಿ ಅಚ್ಚಾದ ಫಲವು ಎಲ್ಲರನ್ನೂ ಬೆಚ್ಚಿಬೀಳಿಸಿತು. ಅತಿ ಸಣ್ಣ ಕೂಸುಗಳಿಗೆ ಅದರಿಂದ ಲಾಭವಾಗಲಿಲ್ಲ. ಒಟ್ಟು ನವಜಾತ ಶಿಶುಗಳ ಮರಣವು ಸಾವಿರಕ್ಕೆ 23.9 ಇದ್ದ ಕಡೆ, ಮದ್ದಿನ ಊರುಗಳಲ್ಲಿ 27.4 ಆಯಿತು. ತರುವಾಯ ವಿಶ್ವ ಆರೋಗ್ಯ ಸಂಸ್ಥೆಯು ಐದು ದೇಶಗಳ ಆಸ್ಪತ್ರೆಗಳಲ್ಲಿ, ಸೋನೋಗ್ರಫಿಯಿಂದ ವಾರಗಳನ್ನು ಖಚಿತಪಡಿಸಿಕೊಂಡು, 2852 ತಾಯಂದಿರಲ್ಲಿ ಮತ್ತೊಂದು ಪರೀಕ್ಷೆಯನ್ನು ನಡೆಸಿತು. ಬೆಳಗಾವಿಯು ಅದರಲ್ಲಿಯೂ ಸೇರಿದ್ದಿತು. 2020ರಲ್ಲಿ ಪ್ರಕಟವಾದ ಅದರ ಫಲದಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ಮರಣವು ನೂರಕ್ಕೆ 23.5ರಿಂದ 19.6ಕ್ಕೆ ಇಳಿದಿದ್ದಿತು. ಮದ್ದಿನ ಜಾತಿ ಒಂದೇ. ಒಂದೆಡೆ ವಾರವೂ ತಿಳಿಯದು, ಹುಟ್ಟಿದ ಕೂಸನ್ನು ನೋಡಿಕೊಳ್ಳುವವರೂ ಸಾಲದು. ಇನ್ನೊಂದೆಡೆ ಎರಡೂ ಇದ್ದುವು. ಕೂಸು ಎಲ್ಲಿ ಹುಟ್ಟುವುದೆಂಬುದು ಮದ್ದಿನಷ್ಟೇ ದೊಡ್ಡ ಸಂಗತಿಯೆಂದು ನನಗೆ ಮನದಟ್ಟಾದುದು ಈ ಎರಡು ಅಂಕಿಗಳಿಂದ.

ನಮ್ಮ ನೆರೆಮನೆಯ ನಿಜವಾದ ವ್ಯಾಜ್ಯವೂ ಇದೇ ಆಗಿದ್ದಿತು. ಸೊಸೆಯ ತವರು ಖಾನಾಪುರ ತಾಲೂಕಿನಲ್ಲಿ, ಜಾಂಬೋಟಿಯ ಆಚೆ, ಕಾಡಿನ ಅಂಚಿನ ಒಂದು ಹಳ್ಳಿ. ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಮಗಳನ್ನು ಕರೆದೊಯ್ದು ಚೊಚ್ಚಲು ಹೆರಿಗೆಯನ್ನು ತವರಿನಲ್ಲಿ ಮಾಡಿಸುವುದು ನಮ್ಮ ಸೀಮೆಯ ರೂಢಿ. ಮಾಡಿಸದಿದ್ದರೆ ತವರಿಗೆ ಮಾನಹಾನಿ. ದಿನ ತುಂಬುವುದು ಜುಲೈಯಲ್ಲಿ. ಆಷಾಢದ ಮಳೆಯಲ್ಲಿ ಕಣಕುಂಬಿ ಜಾಂಬೋಟಿಗಳ ಕಡೆಯ ಹಳ್ಳಗಳು ಹೇಗೆ ತುಂಬಿ ಹರಿಯುವುವೆಂಬುದು ಕಂಡವರಿಗೆ ಗೊತ್ತು. ಭೀಮಗಡದ ಅರಣ್ಯದೊಳಗಿನ ಗವಳಿ, ಆಮಗಾಂವ್, ಕೃಷ್ಣಾಪುರಗಳಂಥ ಊರುಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ತಂದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. ಖಾನಾಪುರ ಪೇಟೆಯಿಂದ ಬೆಳಗಾವಿಯೇನೋ ಸುಮಾರು 26 ಕಿಲೋಮೀಟರು. ಆದರೆ ಹಳ್ಳಿಯಿಂದ ಪೇಟೆಗೆ ಬರುವುದೇ ದೊಡ್ಡ ಪ್ರಯಾಣ.

ಹುಟ್ಟಿದೊಡನೆ ಉಸಿರಿನ ತೊಂದರೆಯಾಗಬಹುದಾದ ಕೂಸು, ಶಿಶುವೈದ್ಯರೂ ಕೃತಕ ಶ್ವಾಸದ ಯಂತ್ರವೂ ಶಿಶು ಶಸ್ತ್ರವೈದ್ಯರೂ ಇರುವ ಕಡೆಯೇ ಹುಟ್ಟಬೇಕು. ವಪೆಯ ರಂಧ್ರದ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಅಳದ ಕೂಸಿನ ಮುಖಕ್ಕೆ ಮುಸುಕನ್ನಿಟ್ಟು ಚೀಲದಿಂದ ಗಾಳಿಯೊತ್ತುವುದು ಎಲ್ಲೆಡೆಯ ಪದ್ಧತಿ, ಒಳ್ಳೆಯ ಪದ್ಧತಿ. ಆದರೆ ಕರುಳು ಎದೆಯಲ್ಲಿರುವ ಕೂಸಿಗೆ ಹಾಗೆ ಮಾಡಿದರೆ ಗಾಳಿಯು ಕರುಳಿಗೂ ಹೋಗಿ, ಅದು ಉಬ್ಬಿ, ಶ್ವಾಸಕೋಶವನ್ನು ಮತ್ತಷ್ಟು ಅದುಮುವುದು. ಅಂಥ ಕೂಸಿಗೆ ನೇರವಾಗಿ ಶ್ವಾಸನಾಳದಲ್ಲಿ ಕೊಳವೆಯನ್ನು ಇಳಿಸಬೇಕು. ಮೊದಲೇ ತಿಳಿಯದವನು, ಎಷ್ಟೇ ನಿಪುಣನಾಗಿರಲಿ, ಆ ಒಂದು ನಿಮಿಷದಲ್ಲಿ ಮುಸುಕನ್ನೇ ಎತ್ತಿಕೊಳ್ಳುವನು.

ಬೀಗತಿಯನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಆಕೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಬಹಳ ಹೊತ್ತು ವಾದಿಸಿದರು. ಸೀಮಂತೋನ್ನಯನದ ವಿಧಿಯಲ್ಲಿ ತವರಿನಲ್ಲಿಯೇ ಹೆರಬೇಕೆಂಬ ಮಾತು ಎಲ್ಲಿಯೂ ಇಲ್ಲವೆಂದು ನಾನು ಹೇಳಿದುದು ಅವರ ಮೇಲೆ ಯಾವ ಪರಿಣಾಮವನ್ನೂ ಮಾಡಲಿಲ್ಲ. ಕಡೆಗೆ ಮಗಳೇ, “ಅವ್ವಾ, ಕುಬಸ ಅಲ್ಲೇ ಮಾಡು. ಹಡೆಯಾಕ ನೀನ ಇಲ್ಲಿಗಿ ಬಾ” ಎಂದಳು. ಜೂನ್ ತಿಂಗಳ ಕೊನೆಯ ವಾರ ಆ ತಾಯಿ ತೊಟ್ಟಿಲಿನೊಡನೆ ಬಸ್ಸಿನಲ್ಲಿ ಬಂದು ಆಟೋ ನಗರದಲ್ಲಿ ಇಳಿದರು.

ಇಷ್ಟರೊಳಗೆ ಇನ್ನೊಂದು ಮೋಸವು ನಮ್ಮನ್ನು ಕಾದಿದ್ದಿತು. ಮೂವತ್ತೆರಡನೆಯ ವಾರದ ಸೋನೋಗ್ರಫಿಯಲ್ಲಿ ಗುಳ್ಳೆಗಳು ಕಾಣಲೇ ಇಲ್ಲ! ಮನೆಯಲ್ಲಿ ಹಬ್ಬವಾಯಿತು, ನಾನೂ ದೇವರಿಗೆ ದೀಪ ಹಚ್ಚಿದೆನು. ವೈದ್ಯರು ಮಾತ್ರ ನಗಲಿಲ್ಲ. ದಿನ ತುಂಬುತ್ತ ಬಂದಂತೆ ಸುತ್ತಲಿನ ಶ್ವಾಸಕೋಶವೂ ಪರದೆಯ ಮೇಲೆ ಅದೇ ಬಣ್ಣಕ್ಕೆ ತಿರುಗಿ ಗುಳ್ಳೆಯು ಅಡಗುವುದೇ ಹೆಚ್ಚು, ನಿಜವಾಗಿ ಕರಗುವುದು ಕಡಿಮೆ ಎಂದರು. ಜುಲೈಯಲ್ಲಿ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಣ್ಣುಮಗು ಹುಟ್ಟಿ, ಗಟ್ಟಿಯಾಗಿ ಅತ್ತಿತು. ಕ್ಷ-ಕಿರಣದ ಚಿತ್ರದಲ್ಲಿಯೂ ಹೇಳಿಕೊಳ್ಳುವಂಥದೇನೂ ಕಾಣಲಿಲ್ಲ. ಮೂರು ದಿನ ನೋಡಿ ಮನೆಗೆ ಕಳುಹಿಸುವಾಗ ಅಜ್ಜಿಯರಿಬ್ಬರಿಗೂ ಹೇಳಿಕೊಟ್ಟುದಿಷ್ಟು: ಕೂಸು ಶಾಂತವಾಗಿರುವಾಗ ಪೂರ್ಣ ಒಂದು ನಿಮಿಷ ಉಸಿರನ್ನು ಎಣಿಸಬೇಕು, 60 ಅಥವಾ ಅದಕ್ಕೆ ಮೇಲ್ಪಟ್ಟರೆ, ಪಕ್ಕೆ ಒಳಕ್ಕೆ ಸೆಳೆದರೆ, ಉಸಿರಿಗೊಮ್ಮೆ ನರಳಿದರೆ, ನಾಲಗೆ ನೀಲಿಯಾದರೆ, ಮೊಲೆಯುಣ್ಣುವಾಗ ದಣಿದು ಬಿಟ್ಟುಬಿಟ್ಟರೆ, ಬೆಳಗಾಗಲೆಂದು ಕಾಯದೆ ಕರೆತರಬೇಕು.

ನಾಲ್ಕನೆಯ ತಿಂಗಳಲ್ಲಿ ಸಿ.ಟಿ. ಪರೀಕ್ಷೆ ಮಾಡಿದಾಗ ಗುಳ್ಳೆಗಳು ಇದ್ದಲ್ಲಿಯೇ ಇದ್ದುವು. ನಗುತ್ತ ಆಡುತ್ತಿರುವ ಕೂಸಿನ ಎದೆಯನ್ನು ಕೊಯ್ಯಬೇಕೇ? ಇದರಲ್ಲಿ ವೈದ್ಯರಲ್ಲಿಯೇ ಎರಡು ಪಕ್ಷಗಳಿವೆಯೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಲಕ್ಷಣವಿಲ್ಲದಿದ್ದರೆ ಕಾದು ನೋಡೋಣವೆಂಬುವರು ಕೆಲವರು. ಗುಳ್ಳೆಯಲ್ಲಿ ಸೋಂಕು ಸೇರಿ ಒಂದೇ ಜಾಗದಲ್ಲಿ ಮೇಲಿಂದ ಮೇಲೆ ನ್ಯುಮೋನಿಯಾ ಆಗಬಹುದು, ಬಹು ವಿರಳವಾಗಿ ಅರ್ಬುದವೂ ಹುಟ್ಟಬಹುದು, ಸೋಂಕಾದ ಮೇಲಿನ ಶಸ್ತ್ರಕ್ರಿಯೆ ಕಷ್ಟತರವೆಂದು, ಮೊದಲ ವರುಷದೊಳಗೇ ತೆಗೆಯೋಣವೆಂಬುವರು ಉಳಿದವರು. ಹಿಂದೆ ನೆನಪಿನಲ್ಲಿಡಿರೆಂದ ಸಂಖ್ಯೆಯು ಇಲ್ಲಿ ಬರುವುದು: ಗಾಳಿಗೂಡುಗಳು ಇನ್ನೂ ಮೂಡುತ್ತಿರುವ ವಯಸ್ಸಿನಲ್ಲಿ ಕೆಟ್ಟ ಖಂಡವನ್ನು ತೆಗೆದರೆ, ಉಳಿದ ಶ್ವಾಸಕೋಶವು ಬೆಳೆದು ಆ ಸ್ಥಳವನ್ನು ತುಂಬುವುದು. ನನಗೆ ಎರಡನೆಯ ಪಕ್ಷವೇ ಸರಿಯೆಂದು ತೋರಿತು, ಅದರಲ್ಲಿಯೂ ಮಳೆಗಾಲದಲ್ಲಿ ಅಜ್ಜಿಯ ಊರಿಗೆ ಹೋಗಿಬರುವ ಕೂಸಿಗೆ. ಆದರೆ ಕೊಯ್ಯುವುದು ನನ್ನ ಮಗುವನ್ನಲ್ಲ. ತಂದೆತಾಯಿಗಳು ಒಂದು ತಿಂಗಳು ಯೋಚಿಸಿ ಒಪ್ಪಿದರು.

ಖರ್ಚಿನ ವಿಷಯವಾಗಿ ಎರಡು ಮಾತು. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಮೇರೆಗೆ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯೂ, ಅದಕ್ಕೆ ಬೇಕಾದ ಪರೀಕ್ಷೆಗಳೂ, ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆಯೂ ಉಚಿತ. 2016ರಲ್ಲಿ ಆರಂಭವಾದ ಯೋಜನೆಯಂತೆ ಪ್ರತಿ ತಿಂಗಳ 9ನೆಯ ತಾರೀಖು ಗರ್ಭಿಣಿಯರ ಉಚಿತ ತಪಾಸಣೆಯುಂಟು. ತಾಯಿ ಕಾರ್ಡನ್ನೂ ಸೋನೋಗ್ರಫಿಯ ಎಲ್ಲ ಕಾಗದಗಳನ್ನೂ ಒಂದೇ ಚೀಲದಲ್ಲಿಟ್ಟು, ಹೋದಲ್ಲೆಲ್ಲ ಒಯ್ಯಬೇಕು. ನಮ್ಮ ತರುಣನು ಅವನ್ನು ಮೊದಲು ಪಾನಾಪೆಟ್ಟಿಗೆಯಲ್ಲಿಡುತ್ತಿದ್ದನು. ಒಂದೆರಡಕ್ಕೆ ಎಣ್ಣೆಯ ಕಲೆ ಬಿದ್ದಿದೆ.

2025ರ ಫೆಬ್ರವರಿಯಲ್ಲಿ ಶಸ್ತ್ರಕ್ರಿಯೆಯಾಯಿತು. ಎಡಶ್ವಾಸಕೋಶದ ಕೆಳಖಂಡವನ್ನು ತೆಗೆದರು. ಮೂರನೆಯ ದಿನ ಎದೆಯ ಕೊಳವೆಯನ್ನು ತೆಗೆದು, ಆರನೆಯ ದಿನ ಮನೆಗೆ ಕಳುಹಿಸಿದರು. ವರುಷಕ್ಕೊಮ್ಮೆ ಬಂದು ತೋರಿಸಬೇಕೆಂದು ಹೇಳಿದ್ದಾರೆ. ಮುಂದಿನ ತಾರೀಖನ್ನು ಅವನು ಅಂಗಡಿಯ ಗೋಡೆಯ ಮೇಲೆ, ಗಿರಾಕಿಗಳ ಬಾಕಿಯ ಲೆಕ್ಕದ ಪಕ್ಕದಲ್ಲಿ, ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದಿಟ್ಟಿದ್ದಾನೆ.